ಬಾಯಿ ಮುಚ್ಚಿದರೂ ಉಸಿರಾಡಿದ ಜೀಪು

ಮಳೆ ಹಿಡಿಯಿತೆಂದರೆ ಆ ಊರಿನವರಿಗೆ ಆಚೆ ದಡ ಸೇರಲು ಹೊಳೆಯೊಳಗಿನ ದಾರಿಯೊಂದೇ ಗತಿ. ಸೇತುವೆ ಇಲ್ಲ. ನೀರಿನ ತಳದಲ್ಲಿ ಕಲ್ಲು ಹಾಸಿದ ಒಂದು ಪಟ್ಟೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಗೊತ್ತಿರಬೇಕು. ನಾಲ್ಕೂ ಚಕ್ರ ಎಳೆಯುವ ಹಳೆಯ ಡೀಸೆಲ್ ಜೀಪೊಂದು ಹಾಲಿನ ಕ್ಯಾನು, ಕೂಲಿಯವರು, ಕಾಯಿಲೆಯವರು ಎಲ್ಲರನ್ನೂ ಅದರ ಮೇಲೆ ಹಾಯಿಸುತ್ತಿತ್ತು.

ಜೀಪು ಮೊದಲು ಒಂದು ಮನೆಯ ಹಿರಿಮಗ ದೊಡ್ಡೋನದು. ನೀರು ಬಾನೆಟ್ಟಿನ ತನಕ ಬಂದರೂ ಎಂಜಿನ್ನಿಗೆ ಗಾಳಿ ಸಿಗಲೆಂದು ಅವನೇ ಅದಕ್ಕೊಂದು ಕಪ್ಪು ಕೊಳವೆ ಕೂರಿಸಿದ್ದ. ಬಾನೆಟ್ಟಿನ ಪಕ್ಕದಿಂದ ಹೊರಟು, ಮುಂದಿನ ಗಾಜಿನ ಅಂಚು ಹಿಡಿದು ಮೇಲೇರಿ, ಚಾವಣಿಯ ಮಟ್ಟದಲ್ಲಿ ಬಾಯಿ ತೆರೆಯುವ ಕೊಳವೆ. ಬೇಸಿಗೆಯಲ್ಲಿ ದೊಡ್ಡೋನು ಶ್ವಾಸಕೋಶ ಕೆಟ್ಟು ತೀರಿಕೊಂಡ. ಕೊನೆಕೊನೆಗೆ ಅವನ ಎದೆಯಿಂದ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅದು ಮನೆಯ ಮೂಲೆಮೂಲೆಗೂ ಕೇಳುತ್ತಿತ್ತು. ಅವನ ನಂತರ ಸ್ಟೇರಿಂಗು ತಮ್ಮನ ಕೈಗೆ ಬಂತು. ತಮ್ಮನನ್ನು ಎಲ್ಲರೂ ಚಿಕ್ಕೋನು ಎಂದೇ ಕರೆಯುತ್ತಿದ್ದರು.

ಹೊಳೆ ತುಂಬಿದ ಮೇಲೆ ಜೀಪು ಅದೇ ಸಿಳ್ಳೆ ಹಾಕತೊಡಗಿತು.

ಮೊದಲು ಕೇಳಿಸಿಕೊಂಡವಳು ಅಮ್ಮ. ಅವಳಿಗೆ ಮೂತ್ರಪಿಂಡ ಸೋತಿತ್ತು. ವಾರಕ್ಕೆರಡು ಸಲ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು, ಒಂದು ಸಲ ತಪ್ಪಿದರೂ ಮೈಯೆಲ್ಲ ಊದಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತವಳು ದಿಬ್ಬ ಹತ್ತುವಾಗ ಕಿವಿಯನ್ನು ಕೊಳವೆಯತ್ತ ವಾಲಿಸಿದಳು. ಬಹಳ ದಿನಗಳ ಮೇಲೆ ಅವಳ ಮುಖ ಸಡಿಲಾಯಿತು.

"ಕೇಳಿಸ್ತೇನೋ? ಅಣ್ಣ ಕಣೋ."

ಚಿಕ್ಕೋನಿಗೆ ಕೇಳಿಸಿತ್ತು. ಬೆನ್ನಿನುದ್ದಕ್ಕೂ ತಣ್ಣೀರು ಇಳಿದಂತಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಉಸಿರು ಮೇಲೆಳೆದುಕೊಂಡಂತೆ, ಬಿಟ್ಟರೆ ಇಳಿದುಹೋದಂತೆ, ಕಿವಿಯ ಪಕ್ಕದಲ್ಲೇ. ಹಾಲಿನವನು ಹಿಂದಿನ ಸೀಟು ಬಿಟ್ಟು ಮುಂದೆ ಬರುವುದನ್ನೇ ನಿಲ್ಲಿಸಿದ. ಸತ್ತವರಿಗೆ ಟಿಕೆಟ್ ಕೇಳಬೇಡ ಮಾರಾಯ ಎಂದು ನಗೆಯಾಡುತ್ತಿದ್ದ, ಆದರೆ ಕಣ್ಣು ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕೋನು ಅಣ್ಣನ ಹಳೆಯ ಟವೆಲ್ಲನ್ನು ಕೊಳವೆಯ ಬಾಯಿಗೆ ಸುತ್ತಿ ಕಟ್ಟಿದ. ಸದ್ದು ಅಡಗಲಿಲ್ಲ, ಇನ್ನೂ ಜೋರಾಯಿತು. ಬಾಯಿಗೆ ಬಟ್ಟೆ ತುರುಕಿದವರು ನರಳಿದ ಹಾಗೆ. ಅರ್ಧ ದಾರಿಯಲ್ಲೇ ಇಳಿದು ಗಂಟು ಬಿಚ್ಚಿದ. ಹಿಂದೆ ಅತ್ತಿಗೆ ಕೂತಿದ್ದಳು. ದೊಡ್ಡೋನ ಹೆಂಡತಿ. ಆಚೆ ದಡದಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಎಲ್ಲವನ್ನೂ ನೋಡಿದಳು. ಬೇಸಿಗೆಯಿಂದ ಅವಳು ಮಾತಾಡುವುದೇ ಕಡಿಮೆ.

ಮರುವಾರ ಆಸ್ಪತ್ರೆಯಿಂದ ವಾಪಸು ಬರುವಾಗ ನೀರು ಏರಿತ್ತು. ನಡುಹೊಳೆಯಲ್ಲಿ ಸಿಳ್ಳೆ ಇದ್ದಕ್ಕಿದ್ದಂತೆ ಗೊರಗೊರ ಎಂದಿತು. ಎರಡು ಸಲ ಕೆಮ್ಮಿತು. ಕಪ್ಪು ಹೊಗೆ ಕಾರಿ ಎಂಜಿನ್ ನಿಂತಿತು. ಆಮೇಲೆ ಬರೀ ನೀರಿನ ಸದ್ದು.

ಚಿಕ್ಕೋನ ಕೈ ಕೀಲಿಗೆ ಹೋಯಿತು. ಅದರ ಮೇಲೆ ಹಿಂದಿನಿಂದ ಇನ್ನೊಂದು ಕೈ ಬಂದು ಕೂತಿತು, ತಣ್ಣಗೆ.

"ತಿರುಗಿಸಬೇಡ," ಎಂದಳು ಅತ್ತಿಗೆ. "ಒಳಗೆ ನೀರು ಹೋಗಿದ್ರೆ ಎಂಜಿನ್ ಮುರಿಯುತ್ತೆ. ಗಾಳೀನ ಅದುಮಬಹುದು, ನೀರನ್ನ ಅದುಮಕ್ಕಾಗಲ್ಲ."

ಊರವರು ಹಗ್ಗ ಹಾಕಿ ಜೀಪನ್ನು ಎಳೆದರು. ಅಮ್ಮನನ್ನು ಹೊತ್ತು ದಡ ಮುಟ್ಟಿಸಿದರು. ಮುಂದಿನ ಡಯಾಲಿಸಿಸ್‌ಗೆ ನಡುವೆ ಉಳಿದದ್ದು ಎರಡೇ ದಿನ.

ಮಾರನೆಯ ದಿನ ಫಿಟ್ಟರ್ ಮನೆಯಂಗಳಕ್ಕೆ ಬಂದ. ಇಂಜೆಕ್ಟರ್ ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ, ಪುಣ್ಯ ಚೆನ್ನಾಗಿತ್ತು, ನೀರು ಒಳಗಿಳಿದಿಲ್ಲ ಎಂದ. ಗಾಳಿ ಸೋಸುವ ಫಿಲ್ಟರ್ ಡಬ್ಬಿ ತೆರೆದಾಗ ಕಾಗದದ ಫಿಲ್ಟರ್ ಕೆಸರು ಕುಡಿದು ಉಬ್ಬಿತ್ತು. ಡಬ್ಬಿಯ ತಳದಲ್ಲಿ ಕೆಂಪು ನೀರು ನಿಂತಿತ್ತು. ಆ ನೀರು ಹರಿದುಹೋಗಲೆಂದೇ ಇರುವ ಚಿಕ್ಕ ರಬ್ಬರ್ ಬಾಯಿ ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ಎಲ್ಲ ತೊಳೆದು, ಒಣಗಿಸಿ, ಹೊಸ ಫಿಲ್ಟರ್ ಇಟ್ಟು ಫಿಟ್ಟರ್ ಹೊರಟ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಅದರ ಜೊತೆಗೇ ಸಿಳ್ಳೆಯೂ ಎದ್ದಿತು.

ಚಿಕ್ಕೋನು ಗರಗಸ ತಂದ. ಈ ಕೊಳವೆ ಇದ್ದರೆ ತಾನು ಗಾಡಿ ಹತ್ತುವುದಿಲ್ಲ ಎಂದ. ಅಮ್ಮ ಕೊಳವೆಯನ್ನು ತಬ್ಬಿಕೊಂಡು ನಿಂತಳು. ಅವನ ಉಸಿರು ಕುಯ್ಯುವ ಮೊದಲು ನನ್ನ ಕೈ ಕುಯ್ಯಿ ಎಂದಳು.

ಅತ್ತಿಗೆ ಒಳಗಿಂದ ಹಳೆಯ ಟ್ಯೂಬಿನ ರಬ್ಬರ್ ಸುತ್ತಿದ ಹಲಗೆಯ ತುಂಡು ತಂದಳು.

"ಕೊಳವೆ ಕುಯ್ದ್ರೆ ಗಾಡಿ ಬಾನೆಟ್ಟಿನ ಮಟ್ಟದಲ್ಲಿ ಉಸಿರಾಡುತ್ತೆ. ಸೊಂಟದ ಮಟ್ಟದ ನೀರಿಗೇ ಮುಗೀತು," ಎಂದಳು. "ನೀನು ಟವೆಲ್ ಕಟ್ಟಿದಾಗ ಸದ್ದು ಜಾಸ್ತಿ ಆಯ್ತಲ್ಲ, ಯಾಕೆ ಅಂತ ಯೋಚಿಸಿದ್ಯಾ?"

"ಅಣ್ಣನಿಗೆ ಸಿಟ್ಟು ಬಂತು."

"ಅವರಿಗೆ ಸಿಟ್ಟು ಬಂದದ್ದು ನಾನು ನೋಡೇ ಇಲ್ಲ. ಮೂಗು ಹಿಡಿದ್ರೆ ಬಾಯಿ ತೆರೆಯುತ್ತೆ ಅಂತಾರಲ್ಲ, ಅಷ್ಟೇ. ಗೇರ್ ತೆಗೆದು ಹ್ಯಾಂಡ್‌ಬ್ರೇಕ್ ಎಳಿ. ನಿಧಾನಕ್ಕೆ ಓಡ್ತಿರಲಿ."

ಕೊಳವೆಯ ತಲೆಯ ಜಾಲರಿ ಬಿಚ್ಚಿ ಹಲಗೆಯನ್ನು ಬಾಯಿಗೆ ಒತ್ತಿ ಹಿಡಿದಳು. ಎಲ್ಲ ಜೋಡಣೆಯೂ ಗಟ್ಟಿಯಿದ್ದರೆ ಎಂಜಿನ್ನಿಗೆ ಗಾಳಿ ಸಿಗದೆ ಅದು ಕೂಡಲೇ ಸಾಯಬೇಕು ಎಂದು ವಿವರಿಸಿದಳು. ಮೂವರೂ ಕಾದರು.

ಎಂಜಿನ್ ಸಾಯಲಿಲ್ಲ. ಮೇಲಿನ ಬಾಯಿ ಬಿಗಿಯಾಗಿ ಮುಚ್ಚಿದ್ದರೂ ಜೀಪು ಉಸಿರಾಡುತ್ತಲೇ ಇತ್ತು. ಬಾನೆಟ್ಟಿನೊಳಗಿಂದ, ಕೆಳಗಿನಿಂದ, ಅದೇ ಸಿಳ್ಳೆ ಕಿರುಚಿನಂತೆ ಬಂತು. ಅಂಗಳದ ನಾಯಿ ಎದ್ದು ದೂರ ಹೋಗಿ ನಿಂತಿತು. ಚಿಕ್ಕೋನಿಗೆ ಓಡಿಹೋಗಬೇಕೆನಿಸಿತು. ಅತ್ತಿಗೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿಸಿ, ಕೈಬೆರಳಿಂದ ತಡವುತ್ತಾ ಹೋದಳು. ಕೊಳವೆಗೂ ಫಿಲ್ಟರ್ ಡಬ್ಬಿಗೂ ನಡುವೆ ಮೊಣಕೈಯಂತೆ ಮಡಿದ ರಬ್ಬರ್ ಬಾಗಿನ ಬಳಿ ಬೆರಳು ನಿಂತಿತು.

ಅಲ್ಲೊಂದು ತಂತಿ ಬಿಗಿದಿತ್ತು. ಗಂಟು ಚಿಕ್ಕೋನದೇ. ಮಳೆಗೆ ಮುಂಚೆ ಅವನೇ ಫಿಲ್ಟರ್ ಬದಲಿಸಿದಾಗ ಬಾಗನ್ನು ಹಿಡಿದಿಡುವ ಉಕ್ಕಿನ ಬಿಗಿಪಟ್ಟಿ ಕಳೆದುಹೋಗಿತ್ತು. ಬೇಲಿಯ ತಂತಿ ಕೈಗೆ ಸಿಕ್ಕಿತ್ತು. ದಾರಿಯ ಕುಲುಕಾಟಕ್ಕೆ ತಂತಿ ರಬ್ಬರನ್ನು, ಫಿಟ್ಟರ್ ಕಣ್ಣಿಗೂ ಬೀಳದ ಅಡಿಭಾಗದಲ್ಲಿ, ಚಾಕುವಿನಂತೆ ಕೊಯ್ದಿತ್ತು. ಆ ಸೀಳಿನಿಂದ ಒಣಗಿದ್ದಾಗ ಗಾಳಿ ಸಿಳ್ಳೆ ಹಾಕುತ್ತಾ ಒಳಸೇರುತ್ತಿತ್ತು, ಮುಳುಗಿದಾಗ ಹೊಳೆನೀರು.

"ಇಷ್ಟೇನಾ?" ಎಂದ ಚಿಕ್ಕೋನು.

ಅತ್ತಿಗೆ ಕೈಚೀಲದಿಂದ ಹೊಸ ರಬ್ಬರ್ ಬಾಗು, ಎರಡು ಬಿಗಿಪಟ್ಟಿ ತೆಗೆದಳು. ಪ್ಯಾಕೆಟ್ಟಿನ ಮಡಿಕೆಗಳು ಹಳತಾಗಿದ್ದವು.

"ಇದು ನಿಮ್ಮ ಹತ್ರ ಯಾವಾಗಿನಿಂದ ಇತ್ತು ಅತ್ತಿಗೆ? ಯಾಕೆ ಹೇಳ್ಲಿಲ್ಲ?"

ಅವಳು ಹಳೆಯ ತಂತಿಯ ಗಂಟು ಬಿಚ್ಚತೊಡಗಿದಳು.

"ಅತ್ತೆ ಆ ಸದ್ದಲ್ಲಿ ಮಗನನ್ನ ಕೇಳಿಸ್ಕೊತಿದ್ರು."

ಅಮ್ಮ ಇನ್ನೂ ಕೊಳವೆಯನ್ನು ಬಿಟ್ಟಿರಲಿಲ್ಲ. ಅದು ರಬ್ಬರ್ ಅಲ್ಲ, ನನ್ನ ಮಗ, ನನಗೆ ಗೊತ್ತಾಗುವುದಿಲ್ಲವೇ ಎಂದಳು. ಅತ್ತಿಗೆ ಅವಳ ಕೈಯನ್ನು ಮೆಲ್ಲಗೆ ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು.

"ಅವರ ಉಸಿರಿನ ಪಕ್ಕ ನಾನು ಮಲಗಿದ್ದೀನಿ ಅತ್ತೆ. ಇದು ಅದಲ್ಲ. ಅವರು ಕೊಳವೆ ಹಾಕಿದ್ದು ನೀರು ಒಳಗೆ ಬರಬಾರದು ಅಂತ. ನೀವು ಹೊಳೆ ದಾಟಲಿ ಅಂತ."

ಅಮ್ಮ ಸೀಟಿನ ಮೇಲೆ ಕೂತಳು. ಬೇಡ ಎನ್ನಲಿಲ್ಲ.

ಹೊಸ ಬಾಗು ಕೂತಿತು. ಬಿಗಿಪಟ್ಟಿಯನ್ನು ಚಿಕ್ಕೋನೇ ತಿರುಗಿಸಿದ. ಮತ್ತೆ ಎಂಜಿನ್ ಓಡಿಸಿ ಹಲಗೆ ಒತ್ತಿದರು. ಜೀಪು ಒಮ್ಮೆ ನಡುಗಿತು, ಉಸಿರು ಸಿಕ್ಕಿಕೊಂಡು ನಿಂತೇಹೋಯಿತು. ಅಂಗಳ ನಿಶ್ಶಬ್ದವಾಯಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಆಸ್ಪತ್ರೆಯ ದಿನ ಹೊಳೆಯ ಮೇಲೆ ಮಂಜಿತ್ತು, ಎದುರು ದಡ ಕಾಣುತ್ತಿರಲಿಲ್ಲ. ಚಿಕ್ಕೋನು ಇಳಿದು, ಎಷ್ಟು ನೀರಿನವರೆಗೆ ಹಾಯಬಹುದೆಂದು ತೋರಿಸುವ ದಡದ ಅಳತೆಗಲ್ಲಿನ ಗುರುತು ನೋಡಿ ಬಂದ. ನೀರು ಗುರುತಿಗಿಂತ ಕೆಳಗಿತ್ತು. ನಿಧಾನವಾಗಿ, ಎಲ್ಲೂ ನಿಲ್ಲಿಸದೆ ಇಳಿಸಿದ. ನೀರು ಬಾಗಿಲಿಗೆ ಬಂತು, ಬಾನೆಟ್ಟಿಗೆ ತಾಕಿತು. ಎಂಜಿನ್ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು. ಬೇರೆ ಯಾವ ಸದ್ದೂ ಇರಲಿಲ್ಲ. ಅವನು ಅಷ್ಟು ದಿನ ಹೆದರಿದ್ದ ಸದ್ದಿಗಾಗಿ ಕಿವಿ ತಾನಾಗಿ ಹುಡುಕಿತು.

ನಡುಹೊಳೆಯಲ್ಲಿ ಅಮ್ಮ ಹಿಂದೆ ತಿರುಗದೆ ಕೇಳಿದಳು: "ಅವನು ಹೋದ, ಅಲ್ವೇನೇ?"

"ಹೂಂ ಅತ್ತೆ," ಎಂದಳು ಅತ್ತಿಗೆ. "ಹೋದರು."

ಮಂಜಿನಿಂದ ಎದುರು ದಡ ಮೇಲೆದ್ದು ಬಂತು.

ಓದುತ್ತಿರುವ ನಿಮ್ಮ ಮನೆಯಲ್ಲೂ ನೀರು, ಕೆಸರು ಹಾಯುವ ಗಾಡಿ ಇರಬಹುದು. ಮಳೆ ಶುರುವಾಗುವ ಮೊದಲೇ ಬಾನೆಟ್ ಎತ್ತಿ. ಗಾಳಿ ಹೋಗುವ ಹಾದಿಯ ಒಂದೊಂದು ಜೋಡಣೆಯನ್ನೂ ಕೈಯಿಂದ ತಡವಿ ನೋಡಿ. ತಂತಿ, ಬಟ್ಟೆ, ದಾರ ಕಟ್ಟಿ ಕಾಲ ತಳ್ಳಬೇಡಿ, ಬಿಗಿಪಟ್ಟಿಯನ್ನೇ ಹಾಕಿ. ಕೆಸರಿನಲ್ಲಿ ಓಡಿಸಿದ ಮೇಲೆ ಫಿಲ್ಟರ್ ಡಬ್ಬಿ ತೆರೆದು ಒರೆಸಿ, ನೀರು ಹೋಗುವ ಬಾಯಿಯ ಮಣ್ಣು ತೆಗೆಯಿರಿ. ಕೊಳವೆಯ ಬಾಯಿಯನ್ನು ಹಲಗೆಯಿಂದ ಮುಚ್ಚಿ ಪರೀಕ್ಷಿಸಿ, ಎಂಜಿನ್ ನಿಂತರೆ ಜೋಡಣೆ ಗಟ್ಟಿ. ಕೊಳವೆ ಇದೆ ಎಂಬ ಧೈರ್ಯದಲ್ಲಿ ತುಂಬಿ ಹರಿಯುವ ಹೊಳೆಗೆ ಇಳಿಯಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಕೀಲಿ ತಿರುಗಿಸಬೇಡಿ, ಎಳೆಸಿ.

ಗಾಡಿ ಹೊಸದೊಂದು ಸದ್ದು ಮಾಡಿದರೆ ಅದು ಯಾರ ದನಿ ಎಂದು ಕೇಳುತ್ತಾ ಕೂರಬೇಡಿ. ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಹೋದವರು ಹೋದರು. ಮುಂದಿನ ಸೀಟಿನಲ್ಲಿ ಕೂತವರು ದಡ ಸೇರಬೇಕು.