ಶಶಿಕಲಾ ಹಾಕಿದರೆ ಗೊರಗುಟ್ಟುವ ಗೇರು

ಸೊಸೆ ಗೇರು ಹಾಕಿದಾಗಲೆಲ್ಲ ಕಾರು ಗೊರ್ರ್ ಅನ್ನುತ್ತಿತ್ತು; ಮಗ ಹಾಕಿದರೆ ತುಟಿಪಿಟಕ್ ಅನ್ನುತ್ತಿರಲಿಲ್ಲ. ಮಾವ ಪಾಪಯ್ಯನಿಗೆ ಇಷ್ಟು ಸಾಕಾಗಿತ್ತು. "ಗಾಡಿಗೂ ಗಂಡಸ್ರು ಯಾರು, ಹೆಂಗಸ್ರು ಯಾರು ಅಂತ ಗೊತ್ತಾಯ್ತದೆ ಕಣಮ್ಮ," ಅಂತ ಸಾನಮಾವಿನಿಂದ ಕೆಲಮಂಗಲದ ಗ್ಯಾರೇಜಿನವರೆಗೂ ಹಿಂದಿನ ಸೀಟಲ್ಲಿ ಕೂತು ಹೇಳಿಕೊಂಡೇ ಬಂದ.

ಸೊಸೆ ಶಶಿಕಲಾ ರಸ್ತೆ ನೋಡುತ್ತ ಗಾಡಿ ಓಡಿಸಿದಳು. ಅವಳು ಲೈಸೆನ್ಸು ತಗೊಂಡು, ಪುದೀನ ಕಟ್ಟುಗಳನ್ನು ತಾನೇ ಸಂತೆಗೆ ಒಯ್ಯಲು ಶುರುಮಾಡಿ ಮೂರು ತಿಂಗಳಾಗಿತ್ತು. ಅದಕ್ಕೆ ಮುಂಚೆ ಶೇರ್ ಆಟೋಗೆ ಕಾದು ಕಾದು, ಸಂತೆ ಮುಟ್ಟುವಷ್ಟರಲ್ಲಿ ಸೊಪ್ಪೂ ಬಾಡಿರುತ್ತಿತ್ತು, ಅವಳ ಮುಖವೂ ಬಾಡಿರುತ್ತಿತ್ತು. ಬೆಳಗ್ಗೆ ಫ್ಯಾಕ್ಟರಿಗೆ ಹೊರಟ ಆರಡಿ ಎತ್ತರದ ಗಂಡ ಗೋಪಿನಾಥ, "ಗೇರ್‌ಬಾಕ್ಸ್ ಹೋಗೈತೆ ಅಂತ ಮೆಕ್ಯಾನಿಕ್ ಅಂದ್ರೆ, ಇನ್ಮೇಲೆ ಕೀ ನನ್ನ ಹತ್ರ," ಅಂದು ಹೋಗಿದ್ದ.

ಮೆಕ್ಯಾನಿಕ್ ಹನುಮಂತರಾಯಪ್ಪ ಪಾಪಯ್ಯನ ಓರಗೆಯವನು, ಉದ್ದನೆಯ ಆಳು. ಬಾನೆಟ್ಟು ಎತ್ತಲೇ ಇಲ್ಲ. ಇಂಜಿನ್ನು ಆರಿಸಿ, ತಾನೇ ಕೂತು ಒಂದೊಂದೇ ಗೇರು ಹಾಕಿ ನೋಡಿದ. ಕಣಜಕ್ಕೆ ರಾಗಿ ಜಾರಿದಂಗೆ ಎಲ್ಲವೂ ಕೂತವು.

"ಗೇರ್‌ಬಾಕ್ಸು ಗುಂಡುಕಲ್ಲಿದ್ದಂಗೈತೆ. ಇಂಜಿನ್ನು ಓಡ್ವಾಗ ಮಾತ್ರ ಗೊರ್ರ್ ಅಂದ್ರೆ, ಕ್ಲಚ್ಚು ಪೂರ್ತಿ ಬಿಡ್ತಾ ಇಲ್ಲ."

ಸ್ಟಾರ್ಟು ಮಾಡಿ ಒಂದು ಸುತ್ತು ಹೋಗಿಬಂದ. ಸದ್ದೇ ಇಲ್ಲ. ಪಾಪಯ್ಯ ತೊಡೆ ತಟ್ಟಿದ. "ನೋಡ್ಲಾ! ರಿಪೇರಿ ಮಾಡ್ಬೇಕಾಗಿರೋದು ಕಾರಲ್ಲ, ನಮ್ಮ ಸೊಸೇನ!"

ಶಶಿಕಲಾಳ ಕಣ್ಣು ಕೀ ಮೇಲೆ ಹೋಯಿತು. ಇನ್ನು ಅದು ಕೈತಪ್ಪಿದಂತೆಯೇ.

"ಬಾಯಿ ಮುಚ್ಕೊಂಡು ದಿನಾ ಕೂರೋ ಹಂಗೆ ಕೂತ್ಕೊಳ್ಲಾ," ಅಂದ ಹನುಮಂತರಾಯಪ್ಪ.

"ದಿನಾ ಬಾಯಿ ಮುಚ್ಕೊಂಡು ಕೂರಲ್ಲ ತಾತ," ಅಂದಳು ಶಶಿಕಲಾ, ಮೆಲ್ಲಗೆ.

ಪಾಪಯ್ಯ ಎಕ್ಕಡ ಬಿಚ್ಚಿದ. ಆಯುಧಪೂಜೇಲಿ ಕುಂಕುಮ ಇಟ್ಟ ಗಾಡಿಯೊಳಗೆ ಮೆಟ್ಟಿಕೊಂಡು ಕೂರಬಾರದು ಅನ್ನೋದು ಅವನ ಕಟ್ಟಳೆ. ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ, ಕೈಲಿದ್ದ ಎಕ್ಕಡವನ್ನು ಸೊಸೆಯ ಸೀಟಿನಡಿಗೆ ತುರುಕಿದ. ಶಶಿಕಲಾ ಮುಂದೆ ಕೂತು, ಸ್ಟಾರ್ಟು ಮಾಡಿ ರಿವರ್ಸು ಹಾಕಿದಳು. ಗೊರ್ರ್!

ಹನುಮಂತರಾಯಪ್ಪ ಮುಂದಿನ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವಳ ಎಡಗಾಲನ್ನೇ ನೋಡುತ್ತಿದ್ದ. ಕ್ಲಚ್ಚಿಗೆ ಎಟುಕುತ್ತಿದ್ದದ್ದು ತುದಿಬೆರಳಷ್ಟೇ. ಪೆಡಲು ಮುಕ್ಕಾಲು ಇಳಿದು ನಿಂತುಬಿಡುತ್ತಿತ್ತು.

"ಸೀಟು ಮುಂದಕ್ಕೆ ಎಳ್ಕೊಳ್ಳಮ್ಮ."

"ಬರಲ್ಲ ತಾತ. ತುಕ್ಕು ಹಿಡ್ದೈತೆ."

ಅವನು ಸೀಟಿನಡಿ ಕೈ ಹಾಕಿ ತಡಕಿದ. ಹೊರಗೆ ಬಂದದ್ದು ಟೈರಿನ ಅಟ್ಟೆಯ ಒಂದು ಎಕ್ಕಡ, ಆಮೇಲೆ ಅದರ ಜೊತೆಯದು. ಸೀಟು ಸರಕ್ಕನೆ ಮುಂದೆ ಜಾರಿತು. ಶಶಿಕಲಾ ಕ್ಲಚ್ಚನ್ನು ಬುಡದವರೆಗೂ ಒತ್ತಿ ರಿವರ್ಸು ಹಾಕಿದಳು. ಗೇರು ಬಿದ್ದದ್ದೇ ಗೊತ್ತಾಗಲಿಲ್ಲ.

"ಕಾಯಿಲೆ ಸಿಕ್ತು ಕಣ್ಲಾ ಪಾಪಯ್ಯ," ಹನುಮಂತರಾಯಪ್ಪ ಎಕ್ಕಡ ಎತ್ತಿ ತೋರಿಸಿದ. "ಒಂಬತ್ತನೇ ನಂಬರಿನ ಮೆಟ್ಟು. ಗೋಪಿಗೆ ನೀನು ಹೇಳ್ತೀಯೋ, ನಾನೇ ಫೋನ್ ಮಾಡ್ಲೋ?"

ಪಾಪಯ್ಯ ಕಿಟಕಿಯಾಚೆ ನೋಡಿದ. ಯಾರೂ ಅವನ ನೆರವಿಗೆ ಬರುವಂತೆ ಕಾಣಲಿಲ್ಲ. "ನಾನೇ ಹೇಳ್ತೀನಿ ಬುಡು. ಕೀ ಅವಳ ಹತ್ರಾನೇ ಇರ್ಲಿ."

ಎಕ್ಕಡಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ: "ಅಲ್ಲಮ್ಮ, ಎಕ್ಕಡ ಇನ್ನೆಲ್ಲಿ ಇಡ್ಲಿ? ಡಿಕ್ಕೀಲಾ?"

"ಅಲ್ಲಿ ಪುದೀನ ಐತೆ ಮಾವ," ಅಂದಳು ಶಶಿಕಲಾ, ಗಾಡಿಯನ್ನು ಸದ್ದಿಲ್ಲದೆ ರಸ್ತೆಗೆ ಇಳಿಸುತ್ತ. "ಗಿರಾಕಿಗಳು ಮೂಸಿ ನೋಡಿ ತಗೊಳ್ತಾರೆ."