ಎರಡು ಡಿಗ್ರಿ ಓರೆ

ನೀರು ಯಾಕೆ ಆ ಕಡೆ ಹೋಗುತ್ತಿದೆ, ಕೆಲಸದ ವಿಮಲಮ್ಮ ಕಣ ತೊಳೆಯಲು ಬಕೆಟ್ಟು ಚೆಲ್ಲಿದ್ದು ನಡುವಿಗೆ, ನೀರು ಅಲ್ಲಿ ನಿಲ್ಲದೆ ಮೂಲೆಯ ಚರಂಡಿಗೆ ಓಡುತ್ತಿದೆ, ಓಡಲೇಬೇಕಲ್ಲ, ಕಾಫಿ ಒಣಗಿಸುವ ಕಣ, ನೀರು ನಿಂತರೆ ಬೀಜ ಮುಗ್ಗಾಗುತ್ತದೆ, ತೊಂಬತ್ತೊಂದರಲ್ಲಿ ಈ ಸಿಮೆಂಟು ಹಾಕಿಸುವಾಗ ಗಾರೆ ಕೆಂಚಯ್ಯನ ತಲೆಮೇಲೆ ಕೂತು, ಚೆನ್ನಾಗಿ ವಾಟ ಕೊಡು ಮಾರಾಯ, ಇಳಿಜಾರು ಇರ್ಲಿ, ಒಂದು ಹನಿ ನಿಲ್ಬಾರ್ದು ಅಂದವನು ನಾನೇ — ಅಯ್ಯೋ, ನಿನ್ನೆ ಓರೆ ಹೊಂದಿಸಲು ಅಣ್ಣನ ಮಗಳು ಧನ್ಯಾಳ ಪುಟ್ಟ ವಿಮಾನ ನಿಲ್ಲಿಸಿಕೊಂಡದ್ದು ಇದೇ ಕಣದ ಮೇಲೆ. ಪ್ರೊಪೆಲ್ಲರಿನ ಮೂರು ಬ್ಲೇಡು, ಒಂದೊಂದನ್ನೂ ಅಡ್ಡಕ್ಕೆ ತಿರುಗಿಸಿ, ಓರೆ ಅಳೆಯುವ ಮುಳ್ಳಿನ ಮಟ್ಟ ಅದರ ಮೇಲಿಟ್ಟು, ಹದಿನಾರು ಡಿಗ್ರಿ, ಹದಿನಾರು, ಹದಿನಾರು, ಬೋಲ್ಟು ಬಿಗಿದೆ, ಮೂರೂ ಒಂದೇ ಸಮ ಎಂದು ಎದೆಯುಬ್ಬಿಸಿದೆ, ಸಮವೇ, ಆದರೆ ಮೂರೂ ಸಮವಾಗಿ ತಪ್ಪು, ವಿಮಾನವೇ ಮೂಗಿನ ಕಡೆಗೆ ವಾಲಿ ನಿಂತಿತ್ತಲ್ಲ. ಮಟ್ಟ ಜೇಬಿನಲ್ಲೇ ಇದೆ, ನೆಲಕ್ಕಿಟ್ಟೆ, ಮುಳ್ಳು ಎರಡಕ್ಕೆ ನಿಂತಿತು. ಅಳತೆಯಲ್ಲಿ ಎರಡು ಕಮ್ಮಿ ಬಂದಿದೆ, ಹದಿನಾರಲ್ಲ ಹಾಗಾದರೆ, ಹದಿನೆಂಟು. ಓರೆ ಹೆಚ್ಚಾದರೆ ಬ್ಲೇಡು ಗಾಳಿಯನ್ನು ದೊಡ್ಡ ತುತ್ತಾಗಿ ಕಚ್ಚುತ್ತದೆ, ಎಂಜಿನ್ನಿಗೆ ಆ ತುತ್ತು ಇಳಿಯುವುದಿಲ್ಲ, ಏದುತ್ತದೆ, ಚಕ್ರ ನೆಲ ಬಿಡಲು ಇನ್ನೂ ನೂರು ಗಜ ಬೇಕು, ಎಲ್ಲಿದೆ ನೂರು ಗಜ, ಗದ್ದೆಯ ಬದು ಕಡಿದು ಮಾಡಿದ ಮೈದಾನ, ಅದರ ತುದಿಗೇ ಸಿಲ್ವರ್ ಓಕ್ ಮರಗಳ ಸಾಲು.

ಧನ್ಯಾ ವಿಮಾನ ಉರುಳಿಸಿಕೊಂಡು ಮೈದಾನದ ಆಚೆ ತುದಿಗೆ ಹೋಗುತ್ತಿದ್ದಾಳೆ, ಅಲ್ಲಿ ತಿರುಗಿಸಿಕೊಂಡು ಮರಗಳ ಕಡೆಗೇ ಓಡಿಸಬೇಕು, ಇನ್ನೆರಡು ನಿಮಿಷ ಇದೆ, ಇದೆಯಾ? ನಿನ್ನೆಯೇ ಕೇಳಿದ್ದಳು, ಚಿಕ್ಕಪ್ಪ, ಶಾಫ್ಟು ಮಟ್ಟಕ್ಕಿದ್ಯಾ ಅಂತ ಒಂದ್ಸಲ ನೋಡ್ಬೋದಿತ್ತೇನೋ, ಅಷ್ಟಕ್ಕೇ ನನಗೆ ಮೈಯೆಲ್ಲ ಉರಿ, ಏರ್‌ಫೋರ್ಸಲ್ಲಿ ಹದಿನೈದು ವರ್ಷ ಸ್ಪಾನರ್ ಹಿಡಿದವ್ನು ನಾನು, ನಂಗೇ ಹೇಳ್ಕೊಡ್ತೀಯಾ ಮಾರಾಯ್ತಿ, ಎಂಜಿನ್ ಸುತ್ತು ತೋರ್ಸೋ ಮೀಟರ್ ಬಿಡು, ನನ್ ಮುಖ ನೋಡು, ನಾನು ತಲೆ ಆಡ್ಸಿದ್ರೆ ಹೊರಡು. ಹಾಗಂದುಬಿಟ್ಟೆ. ಈಗಷ್ಟೇ ಇಲ್ಲೇ ಎಂಜಿನ್ ಪೂರ್ತಿ ಏರಿಸಿದಾಗ ಸದ್ದು ಭಾರವಾಗಿತ್ತು, ಘಾಟಿ ಹತ್ತುವ ಲಾರಿಯ ಹಾಗೆ, ಕಿವಿಗೆ ಬಿದ್ದಿತ್ತು, ಬಿದ್ದೂ ಬೀಳದವನಂತೆ ನಿಂತೆ, ಅವಳು ಮೀಟರ್ ನೋಡಿದಳು, ನನ್ನ ಕಡೆ ನೋಡಿದಳು, ಮತ್ತೆ ಮೀಟರ್, ಮತ್ತೆ ನಾನು. ತಲೆಯಾಡಿಸಿದೆ. ಪಕ್ಕದಲ್ಲಿ ಅಣ್ಣ ರುದ್ರಪ್ಪ, ಅವಳ ಅಪ್ಪ, ಹಾರಾಟ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ, ನಮ್ ಗಂಗಾಧರ ನೋಡಿದ್ರೆ ಮುಗೀತು, ಇನ್ಯಾರೂ ನೋಡ್ಬೇಕಾಗಿಲ್ಲ. ಇಷ್ಟು ಜನರ ಮುಂದೆ ಹೇಗೆ ಹೇಳಲಿ, ನಾಳೆಯಿಂದ ಗೋಣಿಬೀಡಿನ ನನ್ನ ಅಂಗಡಿಗೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ರಿಪೇರಿಗೆ ತರುವವರೂ ನಗುತ್ತಾರೆ, ತಾನೇ ಕೊಡಿಸಿದ ವಾಟ ಮರೆತನಂತೆ ಮಹಾನುಭಾವ. ಒಬ್ಬಳೇ ಇದ್ದಾಳೆ, ಭಾರವಿಲ್ಲ, ಬೆಳಗಿನ ತಣ್ಣನೆಯ ಗಾಳಿ, ಎದ್ದರೂ ಎದ್ದೀತು — ಛೀ, ನನ್ನ ಬಾಯಿಗೆ ಮಣ್ಣು ಹಾಕ, ನನ್ನ ಹೆಗಲ ಮೇಲೆ ಬೆಳೆದ ಮಗು ಅದು, ನಗಲಿ, ಊರೇ ನಗಲಿ.

ತಿರುಗಿದಳು. ಸದ್ದು ಏರಿತು, ಓಡುತ್ತೇನೆ, ಒಣಗಿದ ಭತ್ತದ ಕೂಳೆ ಪಾದಕ್ಕೆ ಚುಚ್ಚುತ್ತಿದೆ, ಚಪ್ಪಲಿ ಎಲ್ಲಿ ಬಿತ್ತೋ, ಹೆಗಲ ಟವೆಲು ಬೀಸುತ್ತೇನೆ, ನಿಲ್ಸೇ, ನಿಲ್ಸೇ ಧನ್ಯಾ, ಹಿಂದಿನಿಂದ ಅಣ್ಣ, ಏ ಗಂಗಾಧರ, ತಲೆ ಕೆಟ್ಟಿದ್ಯೇನೋ, ಮೈದಾನದ ನಟ್ಟನಡುವೆ ನಿಂತೆ, ಎದುರಿಗೆ ಬ್ಲೇಡುಗಳೇ ಕಾಣದ ಬೂದು ಚಕ್ರ, ನನ್ನ ಮೇಲೇ ಬರುತ್ತಿದೆ, ಬರಲಿ, ಇಲ್ಲಿಂದ ಕದಲುವವನಲ್ಲ ನಾನು, ಸದ್ದು ಕುಸಿಯಿತು, ಚಕ್ರ ನಿಂತು ಮೂರು ಬ್ಲೇಡಾಯಿತು. ಅವಳು ಬೆಲ್ಟು ಬಿಚ್ಚಿ ಇಳಿದಳು, ಜನರೆಲ್ಲ ಓಡಿ ಬಂದರು, ತಪ್ಪಾಯ್ತು ಕಣೇ, ಕಣಕ್ಕೆ ವಾಟ ಇರೋದು ಮರ್ತೆ, ಓರೆ ಎರಡು ಡಿಗ್ರಿ ಜಾಸ್ತಿ ಆಗಿದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ, ಎದೆ ಹಗುರಾಯಿತು, ಇನ್ನು ಬಯ್ಯಲಿ, ಕಪಾಳಕ್ಕೆ ಬೇಕಾದರೂ ಕೊಡಲಿ. ಬಯ್ಯಲಿಲ್ಲ. ಮೀಟರ್ ಐನೂರು ಸುತ್ತು ಕಮ್ಮಿ ತೋರಿಸ್ತಿತ್ತು ಚಿಕ್ಕಪ್ಪ, ನಂಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೊರಟೆ ಮಾರಾಯ್ತಿ? ನೀವು ತಲೆ ಆಡ್ಸಿದ್ರಲ್ಲ. ಅಣ್ಣ ಏನೋ ಕೇಳುತ್ತಿದ್ದಾನೆ, ಯಾರೋ ಭುಜ ಹಿಡಿದು ಕೂರಿಸುತ್ತಿದ್ದಾರೆ, ನನಗೆ ಒಂದೂ ಕೇಳಿಸುತ್ತಿಲ್ಲ, ಅವಳು ಮೀಟರ್ ನೋಡುತ್ತಾಳೆ, ನನ್ನ ಕಡೆ ನೋಡುತ್ತಾಳೆ, ನಾನು ತಲೆಯಾಡಿಸುತ್ತೇನೆ, ಅವಳು ನೋಡುತ್ತಾಳೆ, ನಾನು ತಲೆಯಾಡಿಸುತ್ತೇನೆ, ತಲೆಯಾಡಿಸುತ್ತೇನೆ