ಸಾಲಿನಲ್ಲಿ ಎರಡನೆಯವನು

2006ರ ಅಕ್ಟೋಬರ್ 8, ಭಾನುವಾರ, ಬೆಳಿಗ್ಗೆ ಆರು ಗಂಟೆ. ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿದ ಮೇಲೆ ಮನೋಜ್ ಎಂಬ ಇಪ್ಪತ್ತೇಳು ವರ್ಷದ ಸೈಕಲ್ ಸವಾರ, ಎಡಬದಿಗೆ ನಿಲ್ಲಿಸಿದ್ದ ಟ್ರ್ಯಾಕ್ಟರ್‌ನ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ. ಟ್ರೇಲರ್ ತುಂಬ ಇಟ್ಟಿಗೆಯಿತ್ತು. ಓಡಿಸುವವನು ರಸ್ತೆಯಾಚೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಮಳೆ ಇರಲಿಲ್ಲ, ಮಂಜು ಇರಲಿಲ್ಲ, ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ಪೂರ್ತಿ ಬೆಳಕಾಗಿರಲಿಲ್ಲ ನಿಜ, ಆದರೆ ಹೋಟೆಲಿನ ಬೆಂಚಿನ ಮೇಲೆ ಕೂತವರಿಗೆ ಇಟ್ಟಿಗೆಯ ಬಣ್ಣ ಕಾಣುತ್ತಿತ್ತು.

ಕೋಚ್ ಜಯಶೀಲಾ ಸ್ಕೂಟರಿನಲ್ಲಿ ಹಿಂದಿನಿಂದ ಬಂದಾಗ ಮನೋಜ್ ರಸ್ತೆಯ ಅಂಚಿನಲ್ಲಿ ಕೂತು ಗದ್ದಕ್ಕೆ ಕರ್ಚೀಫು ಒತ್ತಿಕೊಂಡಿದ್ದ. ಬಟ್ಟೆಯೆಲ್ಲ ರಕ್ತವಾಗಿತ್ತು.

‘ಕಾಣಿಸ್ಲಿಲ್ವಾ?’ ಎಂದು ಅವರು ಕೇಳಿದರು.

‘ಬ್ರೇಕ್ ಹಿಡೀಲಿಲ್ಲ ಮೇಡಂ.’

ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿತ್ತು. ಜಯಶೀಲಾ ಎರಡೂ ಬ್ರೇಕುಗಳನ್ನು ಒತ್ತಿ ನೋಡಿದರು. ಎರಡೂ ಚೆನ್ನಾಗಿ ಹಿಡಿಯುತ್ತಿದ್ದವು.

ಜಯಶೀಲಾ ಅವರಿಗೆ ಆಗ ನಲವತ್ತಾರು ವರ್ಷ. ಒಂದು ಕಾಲಕ್ಕೆ ರಾಜ್ಯಮಟ್ಟದ ಈಜುಗಾರ್ತಿ. ಬ್ಯಾಂಕಿನಲ್ಲಿ ಕೆಲಸ, ಅದಕ್ಕೆ ಮುಂಚೆ ಬೆಳಿಗ್ಗೆ ಜಯನಗರದ ಒಂದು ಈಜುಕೊಳದಲ್ಲಿ ತರಬೇತಿ. ಆ ವರ್ಷ ಮಾರ್ಚ್‌ನಿಂದ ಅವರು ಇಬ್ಬರನ್ನು ಒಂದು ಸ್ಪರ್ಧೆಗೆ ಸಿದ್ಧ ಮಾಡುತ್ತಿದ್ದರು. ಡಿಸೆಂಬರ್ 3ಕ್ಕೆ, ನೀಲಗಿರಿಯಲ್ಲಿ. ಜಲಾಶಯದಲ್ಲಿ ಎರಡು ಕಿಲೋಮೀಟರ್ ಈಜು, ಬೆಟ್ಟದ ರಸ್ತೆಯಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್, ಆಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಮೂರೂ ಒಂದೇ ದಿನ, ಒಂದರ ಹಿಂದೆ ಒಂದು.

ಇಬ್ಬರಲ್ಲಿ ಮನೋಜ್ ಸಾರಕ್ಕಿಯವನು. ಊರು ಊರಾಗಿದ್ದಾಗ ಅವರದು ಬೇಸಾಯದ ಮನೆ. ಹೊಲ ಬಡಾವಣೆಯಾದ ಮೇಲೆ ಅಪ್ಪ ರಾಮಯ್ಯ, ಕಟ್ಟಡಕ್ಕೆ ತಾರಸಿ ಹಾಕುವಾಗ ಆಧಾರಕ್ಕೆ ಕೊಡುವ ಸೆಂಟ್ರಿಂಗ್ ಶೀಟು, ಜಾಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ಈಗ ಅದನ್ನು ನೋಡಿಕೊಳ್ಳುವವನು ಮನೋಜ್. ಊರಿನ ಕೆರೆಗೆ ಮೋರಿ ನೀರು ನುಗ್ಗುವ ಮುಂಚೆ ಅಲ್ಲೇ ಈಜು ಕಲಿತವನು. ಇನ್ನೊಬ್ಬ ನಿಂಗರಾಜ, ಬಾದಾಮಿ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಈಜಿನಲ್ಲಿ ಮನೋಜ್ ಮುಂದು, ಸೈಕಲ್ಲಿನಲ್ಲಿ ನಿಂಗರಾಜ.

ನೀಲಗಿರಿಯ ನೀರು ತಣ್ಣಗಿರುತ್ತದೆ ಎಂದು ಜಯಶೀಲಾ ಸೆಪ್ಟೆಂಬರ್‌ನಲ್ಲಿ ಮಡಿವಾಳ ಮಾರ್ಕೆಟ್ಟಿನಿಂದ ಐಸ್ ಗಡ್ಡೆ ತರಿಸಿ, ಮನೋಜ್ ಮನೆಯ ತಾರಸಿಯಲ್ಲಿ ನೀರಿನ ಡ್ರಮ್ಮಿಗೆ ಹಾಕಿಸಿ, ಒಬ್ಬೊಬ್ಬರನ್ನೇ ಕುತ್ತಿಗೆಯವರೆಗೆ ಕೂರಿಸಿದ್ದರು.

‘ಮೇಡಂ, ಇದು ಮೀನಿನ ಅಂಗಡಿ ಐಸ್ ಐತ್ರಿ. ವಾಸನಿ ಬರಾಕತ್ತೈತಿ. ನಾವು ಲಿಂಗಾಯತರು, ನಮ್ಮವ್ವಗ ಗೊತ್ತಾದ್ರ ಮನಿಯೊಳಗ ಬಿಟ್ಕೊಳ್ಳಂಗಿಲ್ಲ’ ಎಂದು ನಿಂಗರಾಜ ಚಳಿಗೆ ಹಲ್ಲು ಕಟಕಟಿಸುತ್ತ ಹೇಳಿದ್ದ.

‘ಸುಮ್ನೆ ಕೂತ್ಕೊಳೋ ಗುರು. ಅದ್ರಲ್ಲೇ ಮಲಗಿದ್ದ ಮೀನು ಒಂದು ದಿನಾನೂ ಕಂಪ್ಲೇಂಟ್ ಮಾಡ್ಲಿಲ್ಲ’ ಎಂದಿದ್ದ ಮನೋಜ್.

ಸೈಕಲ್ ತರಬೇತಿಗೆ ಜಯಶೀಲಾ ಮೊದಲ ದಿನವೇ ಒಂದು ನಿಯಮ ಮಾಡಿದ್ದರು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮುಂದಿನವನು ರಸ್ತೆಯಲ್ಲಿ ಕಂಡದ್ದನ್ನೆಲ್ಲ ಕೂಗಿ ಹೇಳಬೇಕು. ಬೆಂಗಳೂರಿನ ರಸ್ತೆಗಳಿಗೆ ಇದು ಬೇಕೇ ಬೇಕು ಎಂಬುದು ಅವರ ಖಚಿತ ಅಭಿಪ್ರಾಯ. ನಿಂಗರಾಜ ಮುಂದೆ. ‘ಎಡಕ್ಕ ತಗ್ಗು! ಹಂಪ್ ಬಂತು! ನಾಯಿ ಐತಿ ನೋಡಪಾ!’ ಎಂದು ಅವನು ಬನಶಂಕರಿಯಿಂದ ಹಾರೋಹಳ್ಳಿಯವರೆಗೂ ಕೂಗುತ್ತಿದ್ದ. ಮನೋಜ್ ಒಂದು ದಿನವೂ ಗುಂಡಿಗೆ ಇಳಿಯಲಿಲ್ಲ, ಒಂದು ದಿನವೂ ತಡವಾಗಿ ಬ್ರೇಕ್ ಹಾಕಲಿಲ್ಲ. ನಿಯಮವನ್ನು ಇಷ್ಟು ಚೆನ್ನಾಗಿ ಪಾಲಿಸುವವನು ತಮಗೆ ಸಿಕ್ಕಿರಲಿಲ್ಲ ಎಂದು ಜಯಶೀಲಾ ಬ್ಯಾಂಕಿನಲ್ಲೂ ಹೇಳಿಕೊಂಡಿದ್ದರು.

ಸ್ಪರ್ಧೆಯಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವಂತಿಲ್ಲ. ಪ್ರತಿಯೊಬ್ಬರೂ ಒಂಟಿಯಾಗಿ ತುಳಿಯಬೇಕು. ಅದಕ್ಕಾಗಿ ಅಕ್ಟೋಬರ್ 8ರಂದು ಅವರು ಮೊದಲ ಬಾರಿಗೆ ಇಬ್ಬರನ್ನೂ ಬೇರೆ ಬೇರೆ ಬಿಟ್ಟರು. ನಿಂಗರಾಜ ಹತ್ತು ನಿಮಿಷ ಮೊದಲೇ ಹೊರಟುಹೋಗಿದ್ದ.

ಜಯನಗರದ ಕ್ಲಿನಿಕ್ಕಿನಲ್ಲಿ ಮನೋಜ್‌ನ ಗದ್ದಕ್ಕೆ ಹೊಲಿಗೆ ಹಾಕಿದರು. ಮೂಳೆ ಮುರಿದಿರಲಿಲ್ಲ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಜಯಶೀಲಾ ಟೀ ತರಲು ಹೋದರು. ಬಂದು ಅವನ ಎಡಗಡೆ ನಿಂತು ಲೋಟ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತಲೇ ಇದ್ದ. ಲೋಟ ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು.

ಅವರು ಲೋಟವನ್ನು ನಿಧಾನವಾಗಿ ಮುಂದಕ್ಕೆ ತಂದರು. ಕೆನ್ನೆಯ ಹತ್ತಿರ ಬಂದಾಗಲೂ ಅವನು ಅಲುಗಲಿಲ್ಲ. ಮೂಗಿನ ನೇರಕ್ಕೆ ಬಂದಾಗ, ‘ಓ, ತಂದ್ಬಿಟ್ರಾ?’ ಎಂದು ಕೈ ಚಾಚಿದ.

‘ಎಷ್ಟು ದಿನದಿಂದ ಹೀಗಿದೆ?’

‘ಏನು ಮೇಡಂ?’

‘ಮನೋಜ್.’

ಅವನು ಟೀಯನ್ನು ಊದಿದ. ಕುಡಿಯಲಿಲ್ಲ.

‘ಡಾಕ್ಟ್ರು ಹೇಳಿ ನಾಲ್ಕು ವರ್ಷ. ನನಗೆ ಗೊತ್ತಾಗಿ ಇನ್ನೂ ಜಾಸ್ತಿ. ನೇರಕ್ಕೆ ಚೆನ್ನಾಗೇ ಕಾಣತ್ತೆ ಮೇಡಂ, ಪೇಪರ್ ಓದ್ತೀನಿ. ಪಕ್ಕದ್ದು ಇಲ್ಲ. ಪೈಪ್ ಒಳಗಿಂದ ನೋಡ್ದಂಗೆ. ಬೆಳಕು ಕಮ್ಮಿ ಇದ್ರೆ ಅದೂ ಇಲ್ಲ.’

‘ನಿಂಗರಾಜನಿಗೆ ಗೊತ್ತಾ?’

‘ಜೂನ್‌ನಲ್ಲಿ ಹೇಳ್ದೆ.’

ಮರುದಿನ ಅವರು ಪರಿಚಯದ ಕಣ್ಣಿನ ವೈದ್ಯರ ಹತ್ತಿರ ಅವನನ್ನು ಕರೆದುಕೊಂಡು ಹೋದರು. ವೈದ್ಯರು ಹೊಸದೇನೂ ಹೇಳಲಿಲ್ಲ. ಕಣ್ಣಿನ ಹಿಂಭಾಗದ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತದೆ, ವಂಶದಲ್ಲಿ ಬರುವಂಥದ್ದು, ಔಷಧಿಯಿಲ್ಲ. ಉಳಿದಿರುವ ದೃಷ್ಟಿ ಕೆಲವು ವರ್ಷ ಇರಬಹುದು. ರಸ್ತೆಯಲ್ಲಿ ಸೈಕಲ್ ಓಡಿಸುವುದು ಇವತ್ತೇ ನಿಲ್ಲಬೇಕು.

ಅಂದು ಸಂಜೆ ಜಯಶೀಲಾ ಸಾರಕ್ಕಿಯ ಮನೆಗೆ ಹೋದರು. ಅವರು ಅಲ್ಲಿಗೆ ಎಷ್ಟೋ ಸಲ ಹೋಗಿದ್ದರು. ಅಂದು ಮಾತ್ರ ಕೆಲವು ವಿಷಯಗಳು ಕಣ್ಣಿಗೆ ಬಿದ್ದವು. ಅಂಗಳದಲ್ಲಿ ಚಪ್ಪಲಿಗಳೆಲ್ಲ ಗೋಡೆಗೆ ಒತ್ತಿ ಒಂದೇ ಸಾಲಿನಲ್ಲಿದ್ದವು. ನಡುವೆ ಒಂದು ಮಣೆಯೂ ಇರಲಿಲ್ಲ. ಮನೋಜ್ ಒಳಗೆ ಕಾಲಿಡುತ್ತಿದ್ದಂತೆ ಅವನ ತಾಯಿ ಲಕ್ಷ್ಮಮ್ಮ ಒಲೆಯ ಮುಂದಿನಿಂದ ಮುಖ ತಿರುಗಿಸದೆಯೇ, ‘ಬಕೀಟು ಐತೆ, ಬಲಕ್ಕೆ’ ಎಂದರು. ಅವನು ಎಡಕ್ಕೆ ಸರಿದು ಹೋದ. ಇಬ್ಬರೂ ಅದನ್ನು ಮಾತು ಎಂದು ಎಣಿಸಿದಂತೆ ಕಾಣಲಿಲ್ಲ.

‘ನಿಮಗೆ ಗೊತ್ತಿತ್ತಾ ಅಮ್ಮ?’

‘ಗೊತ್ತಿಲ್ದೆ ಏನು ಮೇಡಮ್ನೋರೆ. ನನ್ನ ತಮ್ಮಂಗೂ ಹಂಗೇ ಇತ್ತು. ಸಂಜೆ ಆದ್ರೆ ಗೋಡೆ ಹಿಡ್ಕೊಂಡು ಓಡಾಡೋನು. ನಮ್ಮ ಅಜ್ಜಿಗೂ ಇತ್ತಂತೆ. ನಮ್ಮನೇಲಿ ಅದನ್ನ ಕಾಯಿಲೆ ಅನ್ನಲ್ಲ, ಇರುಳುಗಣ್ಣು ಅಂತೀವಿ ಅಷ್ಟೆ. ಮುಂದಿರೋದನ್ನ ಹೇಳ್ಕೊಂಡ್ರಾಯ್ತು.’ ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ‘ನಾನು ಮದುವೆ ಆಗಿದ್ದೂ ನನ್ನ ಸೋದರಮಾವನ್ನೇ. ಡಾಕ್ಟ್ರು ಅದುಕ್ಕೇ ಹಿಂಗಾಗಿದ್ದು ಅಂದ್ರಂತೆ. ಆವಾಗ ಯಾರಿಗೆ ಗೊತ್ತಿತ್ತು?’

‘ಸೈಕಲ್ ಹತ್ತೋ ಹಾಗಿಲ್ಲಮ್ಮ.’

‘ಅದ್ನ ನೀವೇ ಹೇಳಿ. ನಾನು ಹೇಳಿದ್ರೆ ಊಟ ಬಿಟ್ಬಿಡ್ತಾನೆ.’

ಬುಧವಾರ ಬೆಳಿಗ್ಗೆ ಈಜುಕೊಳದ ಮೆಟ್ಟಿಲ ಮೇಲೆ ಅವರು ಹೇಳಿದರು. ನಿಂಗರಾಜನೂ ಇದ್ದ.

‘ಒಂದ್ಸಲ ಮೇಡಂ. ಒಂದೇ ಒಂದ್ಸಲ. ಮುಂದಿನ ವರ್ಷ ಇಷ್ಟೂ ಇರಲ್ಲ. ಬೆಟ್ಟ, ಕೆರೆ ಎಲ್ಲ ನೋಡ್ಕೊಂಡು ಪೂರ್ತಿ ಮುಗಿಸ್ಬಿಟ್ರೆ ಸಾಕು. ಆಮೇಲೆ ನಾನೇ ಬಿಡ್ತೀನಿ’ ಎಂದ ಮನೋಜ್.

‘ಮೂವತ್ತಾರು ತಿರುವಿನ ಘಟ್ಟ ಅದು. ಎದುರಿಗೆ ಜೀಪು, ಬಸ್ಸು ಬರ್ತಿರತ್ತೆ.’

‘ನಾ ಮುಂದ ಹೋಗ್ತೀನ್ರಿ’ ಎಂದ ನಿಂಗರಾಜ. ‘ಒದರಿಕೋತ ಹೋಗ್ತೀನಿ. ಇಬ್ರನ್ನೂ ಸ್ಪರ್ಧೆಯಿಂದ ಹೊರಗ ಹಾಕ್ತಾರ, ಹಾಕ್ಲಿ. ನಮ್ಮ ಮನ್ಯಾಗ ಮೆಡಲ್ ಇಡಾಕ ಶೋಕೇಸಾದ್ರೂ ಎಲ್ಲೈತ್ರಿ?’

‘ನೀನು ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?’

‘ನೀವು ಕೇಳ್ಲಿಲ್ಲಲ್ರಿ.’

ಜಯಶೀಲಾ ಅಂದೇ ಸಂಘಟಕರಿಗೆ ಫೋನ್ ಮಾಡಿದರು. ಹೆಸರು ಹೇಳದೆ, ಇಂಥ ಒಬ್ಬರು ಬಂದರೆ ಜೊತೆಗೆ ಇನ್ನೊಬ್ಬ ಸವಾರನನ್ನು ಬಿಡುತ್ತೀರಾ ಎಂದು ಕೇಳಿದರು. ಆಗುವುದಿಲ್ಲ ಎಂದು ಅತ್ತಲಿಂದ ಉತ್ತರ ಬಂತು. ಈಜು ಮಾತ್ರ ಮಾಡಿ ಬಿಡಬಹುದೇ ಎಂದು ಕೇಳಿದರು. ಅದು ಅವರವರ ಇಷ್ಟ ಎಂದರು.

ಅವರು ಮನೋಜ್‌ಗೆ ಅದನ್ನೇ ಹೇಳಿದರು. ಈಜು ಮಾತ್ರ. ಸೈಕಲ್ ಇಲ್ಲ, ಮುಂದಿನ ಮಾತಿಲ್ಲ.

‘ಕೂಗ್ಕೊಂಡು ಓಡಿಸೋದು ನೀವೇ ಕಲ್ಸಿದ್ದಲ್ವಾ ಮೇಡಂ?’ ಎಂದ ಅವನು. ಎರಡು ವಾರ ಅವನು ಕೊಳಕ್ಕೆ ಬರಲಿಲ್ಲ. ಮೂರನೆಯ ವಾರ ಬಂದು, ಯಾರನ್ನೂ ಮಾತಾಡಿಸದೆ, ನೀರಿಗೆ ಇಳಿದ.

ಮುಂದಿನ ಐದು ವಾರ ಅವನು ಈಜಿದ್ದು ಜಯಶೀಲಾ ಹಿಂದೆ ಕಂಡಿರದ ವೇಗದಲ್ಲಿ. ಅಷ್ಟು ನೇರವಾಗಿ ಈಜುವವರು ಆ ಕೊಳದಲ್ಲಿ ಬೇರೆ ಇರಲಿಲ್ಲ. ನೀರಿನಲ್ಲಿ ಗುದ್ದಲು ಏನಿದೆ ಎಂದು ಲಕ್ಷ್ಮಮ್ಮ ಕೇಳಿದ್ದರು. ಜಯಶೀಲಾ ಅವರಿಗೂ ಹಾಗೇ ಅನಿಸಿತ್ತು.

ಡಿಸೆಂಬರ್ 3ರ ಬೆಳಿಗ್ಗೆ ಏಳಕ್ಕೆ ಈಜು ಶುರುವಾಯಿತು. ಎಪ್ಪತ್ತು ಚಿಲ್ಲರೆ ಜನ. ಸುತ್ತ ನೀಲಗಿರಿ ತೈಲದ ಮರಗಳ ಗುಡ್ಡ, ನೀರಿನ ಮೇಲೆ ತೆಳ್ಳಗೆ ಮಂಜು. ದಾರಿ ತೋರಿಸಲು ಕಿತ್ತಳೆ ಬಣ್ಣದ ದೊಡ್ಡ ಚೆಂಡುಗಳನ್ನು ತೇಲಿಬಿಟ್ಟಿದ್ದರು. ಈಜುವವರು ಆಗಾಗ ತಲೆಯೆತ್ತಿ ಮುಂದಿನ ಚೆಂಡನ್ನು ಹುಡುಕಿಕೊಂಡು ಹೋಗಬೇಕು.

ಈಜುಕೊಳದ ತಳದಲ್ಲಿ ಉದ್ದಕ್ಕೂ ಒಂದು ಕಪ್ಪು ಪಟ್ಟೆ ಇರುತ್ತದೆ. ಮನೋಜ್ ನೇರವಾಗಿ ಈಜುತ್ತಿದ್ದದ್ದು ಅದನ್ನು ನೋಡಿಕೊಂಡು. ಜಲಾಶಯದ ತಳದಲ್ಲಿ ಏನೂ ಇರಲಿಲ್ಲ. ಇದು ಜಯಶೀಲಾ ಅವರಿಗೆ ಹೊಳೆದದ್ದು ಶುರುವಾಗಿ ಹತ್ತು ನಿಮಿಷದ ಮೇಲೆ. ಎಲ್ಲರ ಟೋಪಿಗಳು ಎರಡನೆಯ ಚೆಂಡಿನ ಕಡೆ ಹೋಗುತ್ತಿದ್ದಾಗ ಮನೋಜ್‌ನ ಹಳದಿ ಟೋಪಿ ಮಾತ್ರ ಎಡಕ್ಕೆ, ಅಣೆಕಟ್ಟಿನ ಕಡೆಗೆ, ಒಂಟಿಯಾಗಿ ಹೋಗುತ್ತಿತ್ತು. ಅದರ ವೇಗ ಕಡಿಮೆಯಾಗಿರಲಿಲ್ಲ.

ದಡದಿಂದ ಅವರು ಕೂಗಿದರು. ಕೇಳುವಷ್ಟು ಹತ್ತಿರ ಇರಲಿಲ್ಲ.

ನಿಂಗರಾಜ ಅದನ್ನು ಕಂಡ. ಅವನು ಹಿಂದಿನ ಗುಂಪಿನಲ್ಲಿದ್ದ. ಸಾಲು ಬಿಟ್ಟು ಅಡ್ಡಕ್ಕೆ ಈಜಿ ಹೋಗಿ, ಮನೋಜ್ ಚೆಂಡು ಹುಡುಕಲು ವೇಗ ತಗ್ಗಿಸಿದಾಗ ಅವನ ಕಾಲು ಹಿಡಿದ. ಮನೋಜ್ ನಿಂತು ನೀರು ತುಳಿಯುತ್ತ ತಲೆಯೆತ್ತಿದ. ಮುಂದೆ ನಡೆದದ್ದನ್ನು ನಿಂಗರಾಜ ಆಮೇಲೆ ಜಯಶೀಲಾ ಅವರಿಗೆ ಹೇಳಿದ.

‘ಎಲ್ಲಿಗೆ ಹೊಂಟೀಯೋ? ಈ ಕಡೆ ಬಾ. ನನ್ನ ಜೊತೀಗೆ ಬಾ, ನಾ ಹೇಳ್ತೀನಿ.’

‘ಎಷ್ಟು ದೂರ ಬಂದಿದೀನಿ?’

‘ಭಾಳ ಬಂದೀಯಪಾ.’

‘ಚೆಂಡು ಎಲ್ಲೈತೆ?’

ನಿಂಗರಾಜ ಕೈ ತೋರಿಸಿದ. ಮನೋಜ್ ಆ ಕಡೆ ತಲೆ ತಿರುಗಿಸಿ ಹುಡುಕಿದ. ಮತ್ತೆ ಹುಡುಕಿದ. ಅವನಿಗೆ ಬೆಳ್ಳನೆಯ ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

‘ನೀನು ಹೋಗು ಮಗಾ, ನಿನ್ನ ಟೈಮ್ ಹೋಗತ್ತೆ.’

‘ನನ್ನ ಟೈಮ್ ಕಟ್ಕೊಂಡು ಏನ್ ಮಾಡ್ಲಿ? ಬಾರೋ.’

‘ಲೇ, ಏಳು ತಿಂಗಳು ನನಗೋಸ್ಕರ ಕೂಗ್ಕೊಂಡು ಹೋಗಿದೀಯ. ಈಜು ಮುಗಿಸಿದ್ರೂ ದಡದಲ್ಲಿ ನನ್ನ ಸೈಕಲ್ ಇಲ್ಲ. ನಿನ್ನದಿದೆ. ಹೋಗು ಅಂದ್ನಲ್ಲ, ಹೋಗೋ!’

ನಿಂಗರಾಜ ಹೋಗಲಿಲ್ಲ. ಮನೋಜ್ ಎರಡೂ ಕೈಗಳಿಂದ ಅವನ ಎದೆಗೆ ನೀರು ಎರಚಿದ. ಆಮೇಲೆ ಬಲಗೈಯನ್ನು ಮೇಲೆತ್ತಿ ಹಿಡಿದ. ನೆರವು ಬೇಕೆಂದರೆ ಹೀಗೆ ಕೈಯೆತ್ತಬೇಕು ಎಂದು ಶುರುವಿಗೆ ಮುಂಚೆ ಎಲ್ಲರಿಗೂ ಹೇಳಿದ್ದರು. ದೋಣಿ ಅವರ ಕಡೆ ತಿರುಗಿದ ಮೇಲೆ ನಿಂಗರಾಜ ಈಜಿಕೊಂಡು ಹೋದ.

ದೋಣಿ ಮನೋಜ್‌ನನ್ನು ದಡಕ್ಕೆ ತಂದು ಬಿಟ್ಟಿತು. ಅವನ ತುಟಿ ನೀಲಿಯಾಗಿತ್ತು. ಜಯಶೀಲಾ ಹೊದಿಕೆ ಹೊದಿಸಿ, ಕೈ ಹಿಡಿದು ಕಲ್ಲಿನ ಮೇಲೆ ಕೂರಿಸಿದರು.

‘ತಪ್ಪು ನನ್ನದು ಮನೋಜ್. ನೀರಲ್ಲಾದ್ರೆ ಏನೂ ಆಗಲ್ಲ ಅಂದ್ಕೊಂಡಿದ್ದೆ.’

‘ನಾನೂ ಹಂಗೇ ಅಂದ್ಕೊಂಡಿದ್ದೆ ಮೇಡಂ.’ ಅವನು ಹೊದಿಕೆಯನ್ನು ಬಿಗಿಯಾಗಿ ಎಳೆದುಕೊಂಡು ಕೇಳಿದ, ‘ಇಲ್ಲಿಂದ ಬೆಟ್ಟ ಯಾವ ಕಡೆ?’

ಅವರು ಅವನ ಭುಜ ಹಿಡಿದು ಆ ಕಡೆಗೆ ತಿರುಗಿಸಿದರು. ಅವನು ತಲೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಆಡಿಸುತ್ತ, ಬೆಟ್ಟವನ್ನು ತುಣುಕು ತುಣುಕಾಗಿ ನೋಡಿದ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ನಿಂಗರಾಜ ನೀರಿನಿಂದ ಎದ್ದು ಸೈಕಲ್ ಹತ್ತಿ ಹೋಗಿದ್ದ.

ನಿಂಗರಾಜ ಸಂಜೆ ನಾಲ್ಕೂವರೆಗೆ ಸ್ಪರ್ಧೆ ಮುಗಿಸಿದ, ಕೊನೆಯಿಂದ ಆರನೆಯವನಾಗಿ. ಮೂವರೂ ಆ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಬಂದರು. ಜನವರಿಯಲ್ಲಿ ಮನೋಜ್ ಸೈಕಲ್ ಮಾರಿದ. ಆ ತಿಂಗಳ ಕೊನೆಯಿಂದ ಅವನು ಬೆಳಿಗ್ಗೆ ಅಂಗಡಿಗೆ ತಾಯಿಯ ಜೊತೆ, ಮುಂದಿರುವುದನ್ನು ಅವರು ಹೇಳುತ್ತಿದ್ದಂತೆ, ನಡೆದುಹೋಗತೊಡಗಿದ.